ಎಲ್ಲರ ಕುಣಿತಕ್ಕೂ ಹಾಡುವ ಎಥ್ಲಿನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆರಿಬಿಯನ್ ಕಡಲಿನ ಕ್ಯಾರಿಯಾಕು ದ್ವೀಪದ ದಂಡೆಯಲ್ಲಿ ಕೂತು ಎಥ್ಲಿನ್ ಲೆಂಡೋರ್ ಮೇಕೆ ಚರ್ಮದ ಕೂದಲು ಹೆರೆಯುತ್ತಿದ್ದಾರೆ. ಒಮ್ಮೆ ಬಾಗಿದ ಬೆನ್ನು ನೆಟ್ಟಗಾಗಲು ಈಗೀಗ ಮಾತು ಕೇಳುವುದಿಲ್ಲ. "ಗಂಡುಮೇಕೆ ಚರ್ಮ ಪಕ್ಕದ ಎರಡು ಡೋಲಿಗೆ, ಹೆಣ್ಣುಮೇಕೆದು ನಡುವಿನದಕ್ಕೆ. ಅದಲುಬದಲಾದ್ರೆ ನಡುವಿನ ಡೋಲು ನೆಗಡಿಯಾದ ಪಾದ್ರಿ ಥರ ಗೊಣಗುತ್ತೆ," ಎನ್ನುತ್ತಾರೆ.

ಬಿಸಿಲೇರಿದ ಮೇಲೆ ಅವರು ದೋಣಿಕಟ್ಟೆಯಲ್ಲಿ ಮೀನು ಹಸನು ಮಾಡುತ್ತಾರೆ. ಸತ್ತವರ ಗೋರಿಗೆ ಕಲ್ಲು ನಿಲ್ಲಿಸುವ ಔತಣವಿದ್ದರೆ ಮಾತ್ರ ಕತ್ತಿ ತೊಳೆದಿಟ್ಟು ಹಾಡಲು ಹೊರಡುತ್ತಾರೆ. ಅಲ್ಲಿಗೆ ಬರುವ ತೀರಿಹೋದ ಹಿರಿಯರಿಗೆಂದು ಉಪ್ಪಿಲ್ಲದ ಅಡುಗೆ ಬಡಿಸಿಡುತ್ತಾರೆ, ಎಥ್ಲಿನ್ ಮೊದಲು ಕ್ರೊಮಾಂಟಿ ಎಂಬ ಕುಲದ ಹಾಡಿನಲ್ಲಿ ಅವರ ಕ್ಷಮೆ ಕೇಳುತ್ತಾರೆ. ಆಮೇಲೆ ಒಂದೊಂದು ಕುಲದ ಹಾಡು. ಹಿಂದೆ ಗುಲಾಮನಾಗಿ ಹಡಗಿನಲ್ಲಿ ಕಟ್ಟಿ ತಂದ ಮೂಲದ ಅಜ್ಜ ಆಫ್ರಿಕದ ಯಾವ ಕುಲದವನೋ, ಆ ಕುಲದ ಹಾಡಿಗೆ ಅವನ ವಂಶದವರು ಕುಣಿಯಲು ಅಂಗಳಕ್ಕಿಳಿಯಬೇಕು.

ಎಥ್ಲಿನ್ ಮೋಕೊ ಕುಲದವರು. ಊರಲ್ಲಿ ಆ ಕುಲಕ್ಕೆ ಉಳಿದಿರುವುದು ಅವರೊಬ್ಬರೇ. ಆ ಹಾಡು ಬಲ್ಲವರೂ ಅವರೇ. ಹಾಡುವವರು ಡೋಲಿನ ಪಕ್ಕದಿಂದ ಏಳುವಂತಿಲ್ಲ, ಹಾಡು ನಿಂತರೆ ಡೋಲೂ ನಿಲ್ಲುತ್ತದೆ. ಹಾಗಾಗಿ ಮೋಕೊ ಹಾಡಿಗೆ ಅಂಗಳ ಪ್ರತಿಸಲವೂ ಖಾಲಿ.

"ಎಲ್ಲಾರ ಕುಣಿತಕ್ಕೂ ನಾನು ಹಾಡ್ತೀನಿ. ನಮ್ಮಜ್ಜ ಬಂದು ನೋಡ್ತಾನೆ, ಅಂಗಳದಲ್ಲಿ ಒಂದು ಕಾಲೂ ಇಲ್ಲ. ನಮ್ಮೋರು ಯಾರೂ ಉಳಿದಿಲ್ಲ ಅಂದ್ಕೊಂಡು ವಾಪಸ್ ಹೋಗ್ತಾನೆ," ಎನ್ನುವಾಗ ಅವರ ಕೈ ನಿಲ್ಲುವುದಿಲ್ಲ, ದನಿ ಮಾತ್ರ ಇಳಿಯುತ್ತದೆ. ಆಯಾಸ ಬೆನ್ನಿನದಷ್ಟೇ ಅಲ್ಲ ಎಂದು ಆಗ ಗೊತ್ತಾಗುತ್ತದೆ.

ಆ ಹಾಡನ್ನು ಅವರು ನಾದಿನಿಯ ಮಗಳು ವರ್ಲಿನ್‌ಗೆ ಕಲಿಸಿದ್ದಾರೆ. ಆಕೆಯದು ಇಬೊ ಕುಲ, ಬ್ರೆಡ್ ಸುಡುವ ಕೆಲಸ, ಜೋರು ಗಂಟಲು. ಕಳೆದ ಶನಿವಾರದ ಔತಣದಲ್ಲಿ ವರ್ಲಿನ್ ಮೋಕೊ ಹಾಡು ಎತ್ತಿಕೊಂಡಳು. ಎಥ್ಲಿನ್ ಚಪ್ಪಲಿ ಕಳಚಿ ಅಂಗಳಕ್ಕಿಳಿದರು. ಎರಡು ಹೆಜ್ಜೆ ಹಾಕಿದ್ದರಷ್ಟೇ, ಹಾಡು ನಿಂತಿತು, ಡೋಲೂ ನಿಂತಿತು. ಎಥ್ಲಿನ್ ಜಾಗಕ್ಕೆ ಮರಳಿ ತಾವೇ ಹಾಡಿ ಮುಗಿಸಿದರು.

"ಕಲಿಸಿದ್ದೆಲ್ಲ ನುಂಗಿ ನೀರು ಕುಡಿದು, ಬಾಯಿಬಿಟ್ಕೊಂಡು ನಿಂತಿದ್ಲು!" ಎಂದು ಇವತ್ತೂ ರೇಗಿಸುತ್ತಾರೆ.

ಬಿಸಿ ಬ್ರೆಡ್ ತಂದುಕೊಡುತ್ತಿರುವ ವರ್ಲಿನ್ ತಲೆ ಎತ್ತುವುದಿಲ್ಲ. "ಮರ್ತಿರ್ಲಿಲ್ಲ ಅತ್ತೆ. ನೀನು ಕುಣಿಯೋದನ್ನ ನಾನು ಹುಟ್ಟಿದಾಗಿಂದ ನೋಡಿರ್ಲಿಲ್ಲ. ನೋಡ್ತಾ ನೋಡ್ತಾ ಹಾಡೋದೇ ಬಿಟ್ಬಿಟ್ಟೆ."

ಎಥ್ಲಿನ್ ಚರ್ಮವನ್ನು ಉಪ್ಪುನೀರಿಗೆ ಅದ್ದಿ, ಕೈ ಒರೆಸಿಕೊಂಡು ಬ್ರೆಡ್ ಮುರಿದು ದೊಡ್ಡ ತುಂಡನ್ನು ಆಕೆಗೇ ಕೊಡುತ್ತಾರೆ.

"ಮುಂದಿನ ಸಲ ಕಣ್ಣು ಮುಚ್ಕೊಂಡು ಹಾಡೇ, ಮಗಳೇ. ಒಂದೇ ಒಂದು ಸುತ್ತು ಬರ್ತೀನಿ. ನಾನಿನ್ನೂ ಇದ್ದೀನಿ ಅಂತ ನಮ್ಮಜ್ಜನಿಗೆ ಗೊತ್ತಾಗ್ಲಿ."