ಐಲವ್ವನ ಚೌಕದ ಬತುಕಮ್ಮ

ಚೇರ್ಯಾಲದಲ್ಲಿ ಕುರಿ ಕಾಯುವ ಕುರುಮರ ಓಣಿಯಲ್ಲಿ ಐಲವ್ವ ನಲವತ್ತೊಂದು ವರ್ಷ, ಒಂದೂ ತಪ್ಪದೆ, ಹಬ್ಬಕ್ಕೆ ಹೂವಿನ ಬತುಕಮ್ಮ ಪೇರಿಸಿದವಳು. ಹಿತ್ತಾಳೆ ತಟ್ಟೆಯಲ್ಲಿ ಒಂದು ಸುತ್ತು ಹಳದಿ ತಂಗಡಿ ಹೂವು, ಅದರ ಮೇಲೊಂದು ಸುತ್ತು ಬಣ್ಣದಲ್ಲಿ ಅದ್ದಿದ ಗುನುಗಿನ ಹೂವು, ಹೀಗೆ ಎದೆಮಟ್ಟ ಏರಿಸಿ ತುದಿಗೆ ಅರಿಸಿನದ ಗೌರಮ್ಮನನ್ನು ಕೂರಿಸುವುದು. ಹೆಂಗಸರೆಲ್ಲ ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಆಮೇಲೆ ಕೆರೆಗೆ ಬಿಡುವುದು. ಅತ್ತೆ ಸಾಯುವಾಗ ಒಂದೇ ಮಾತು ಹೇಳಿ ಹೋಗಿದ್ದಳು: "ಕೊಯ್ದ ಕೈನೇ ಪೇರಿಸಬೇಕು. ಮತ್ತೊಬ್ಬರು ಕೊಯ್ದ ಹೂವಿಗೆ ಗೌರಮ್ಮ ಇಳಿಯಂಗಿಲ್ಲ."

ಆ ವರ್ಷ ಹಬ್ಬ ಹದಿನೈದು ದಿನ ಇರುವಾಗ ಐಲವ್ವ ಕುರಿದೊಡ್ಡಿಯ ಬಾಗಿಲಲ್ಲಿ ಜಾರಿ ಬಿದ್ದಳು. ಕಾಲಿಗೆ ತೊಡೆಯ ತನಕ ಪಟ್ಟಿ ಬಿತ್ತು. ಎದುರುಮನೆಯ ಭೂಲಕ್ಷ್ಮಿ ನೋಡಲು ಬಂದಳು.

"ಈ ವರ್ಷ ಬಿಡಕ್ಕ. ನಿನ್ನ ಹೆಸರ್ಲೆ ನನ್ನ ತಟ್ಟ್ಯಾಗ ಎರಡು ಸುತ್ತು ಹೆಚ್ಚಿಗಿ ಇಡ್ತೀನಿ."

"ನನ್ನ ಹೆಸರು ನಿನ್ನ ತಟ್ಟ್ಯಾಗ ಯಾಕ ಕುಂದ್ರಬೇಕು? ಅದಕ್ಕೇನು ಸ್ವಂತ ತಟ್ಟಿ ಇಲ್ಲೇನು?"

ಭೂಲಕ್ಷ್ಮಿ ಹೋದ ಮೇಲೆ ಐಲವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಗಂಜಿಯನ್ನೂ ಮುಟ್ಟಲಿಲ್ಲ. ಸೊಸೆ ಸ್ವರೂಪ ನೋಡಿ ನೋಡಿ ಸಾಕಾಗಿ, ಹೊತ್ತು ಹೋಗಲೆಂದು ತನ್ನ ಟ್ಯಾಬ್ ತಂದು ಕೈಗಿಟ್ಟಳು. ಅದರಲ್ಲೊಂದು ಆಟ. ಗುಡ್ಡ ಚೌಕ, ಸೂರ್ಯ ಚೌಕ, ಹಸುವಿನ ಮೂತಿಯೂ ಚೌಕ.

"ಇದ್ರಾಗ ಹೂವು ಅದಾವೇನು?"

"ಅದಾವ ಅತ್ತಿ."

"ನಾನೇ ಕೊಯ್ಯಬೋದಾ?"

"ನಿಮ್ಮ ಬೆರಳಲೇ ಕೊಯ್ಯಬೇಕು."

ಐಲವ್ವ ಎದ್ದು ಕೂತು ಗಂಜಿ ಕೇಳಿದಳು.

ಕೊಯ್ಯದೆಯೇ ಎಲ್ಲ ಹೂವೂ ಪುಕ್ಕಟೆ ಸಿಗುವ ದಾರಿಯೊಂದಿದೆ ಎಂದು ಸ್ವರೂಪ ತೋರಿಸಹೋದರೆ, ಐಲವ್ವ ಸಂತೆಯ ಹೂವು ಬೇಡವೆಂದಳು. ಮಂಚದ ಮೇಲೆ ಕೂತೇ ನಾಲ್ಕು ದಿನ ಆ ಚೌಕದ ಕಾಡು ಅಲೆದಳು. ತಂಗಡಿ ಇರಲಿಲ್ಲ, ಹಳದಿ ಹೂವೊಂದಿತ್ತು, ಅದನ್ನೇ ತಂಗಡಿಯೆಂದು ಒಪ್ಪಿಕೊಂಡಳು. ಆದರೆ ಅಲ್ಲಿ ಹೂವಿನ ಮೇಲೆ ಹೂವು ಕೂರುವುದಿಲ್ಲ, ಪ್ರತಿಯೊಂದಕ್ಕೂ ಮಣ್ಣು ಬೇಕು. ಅದಕ್ಕೇ ಮಣ್ಣಿನ ಮೆಟ್ಟಿಲುಗಳ ಗುಡ್ಡ ಕಟ್ಟಿ, ಮೆಟ್ಟಿಲಿಗೊಂದು ಸುತ್ತು ನೆಟ್ಟಳು.

ಗುನುಗಿನ ಸುತ್ತಿಗೆ ಬಂದಾಗ ಕೆಲಸ ನಿಂತಿತು. ಆ ಆಟದ ಹೂವು ಬಣ್ಣ ಹಿಡಿಯುವುದಿಲ್ಲ. ಹೂವನ್ನೇ ಅರೆದರೆ ಬಣ್ಣ ಬರುತ್ತದೆ.

"ನಾವು ಹೂವಿಗೆ ಬಣ್ಣ ಹಾಕ್ತೀವಿ, ಇವರು ಹೂವಿನಿಂದ ಬಣ್ಣ ತಗೀತಾರ. ಎಂಥಾ ತಲಿಕೆಳಗಿನ ಊರಬೇ ಇದು! ಮತ್ತ ಆ ಬಣ್ಣ ಯಾವುದಕ್ಕ ಹತ್ತತದ?"

"ಕುರಿಗೆ, ಅತ್ತಿ."

ಕುರುಮರ ಮನೆಯ ಹೆಂಗಸಿಗೆ ಅಷ್ಟು ಸಾಕಾಯಿತು. ಹನ್ನೆರಡು ಕುರಿ ಹಿಡಿದು, ಗುಲಾಬಿ ಬಣ್ಣ ಹಚ್ಚಿ, ಗುನುಗಿನ ಬದಲು ಎರಡನೇ ಮೆಟ್ಟಿಲಲ್ಲಿ ಸಾಲಾಗಿ ನಿಲ್ಲಿಸಿದಳು. ಐವತ್ತು ವರ್ಷ ಕುರಿ ಕಾಯ್ದ ಗಂಡ ಕೊಮುರಯ್ಯ ಬಗ್ಗಿ ನೋಡಿದ.

"ಗುಲಾಬಿ ಕುರಿ ಯಾವ ಸಂತ್ಯಾಗ ಮಾರ್ತೀಯೇ?"

"ಮಾರಂಗಿಲ್ಲ. ಇವು ಹೂವು."

ಹೂವುಗಳು ಅಷ್ಟರಲ್ಲೇ ಮೆಟ್ಟಿಲಿಳಿದು ದಿಕ್ಕಿಗೊಂದು ಹೊರಟಿದ್ದವು. ಕೊಮುರಯ್ಯನಿಗೆ ತಡೆಯಲಾಗಲಿಲ್ಲ. "ಬೇಲಿ ಹಾಕು! ಮೂಲ್ಯಾಗ ಸಂದು ಬಿಡಬ್ಯಾಡ!" ಎಂದು ಮಂಚದ ತುದಿಗೆ ಕೂತವನು ಬೇಲಿ ಮುಗಿಯುವ ತನಕ ಏಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಚಹಾಕ್ಕೂ ಮುಂಚೆ ಅವನ ಪ್ರಶ್ನೆ ಒಂದೇ: "ಮೇದವಾ?"

ಹಬ್ಬದ ಕೊನೆಯ ದಿನ, ಒಂಬತ್ತನೇ ದಿನ, ಮಧ್ಯಾಹ್ನ ಐಲವ್ವನ ಮಂಚವನ್ನು ಅಂಗಳಕ್ಕೆ ತಂದರು. ಮಂಚದ ಪಕ್ಕ ಮಣೆ, ಮಣೆಯ ಮೇಲೆ ಟ್ಯಾಬ್. ಓಣಿಯ ಹೆಂಗಸರು ತಮ್ಮ ತಮ್ಮ ತಟ್ಟೆಗಳನ್ನು ಸುತ್ತ ಇಟ್ಟರು. ಭೂಲಕ್ಷ್ಮಿ ಮಾತ್ರ ತಟ್ಟೆ ಕೆಳಗಿಳಿಸಲಿಲ್ಲ.

"ಕುರಿ ಇಟ್ಟ ಬತುಕಮ್ಮನ್ನ ನಾ ಎಲ್ಲೂ ಕಂಡಿಲ್ಲಕ್ಕ. ಇದು ಲೆಕ್ಕಕ್ಕಿಲ್ಲ. ಇದಕ್ಕ ಕೆರಿ ಎಲ್ಲೈತಿ?"

"ಅಗೋ, ಬಾಜೂಕ," ಐಲವ್ವ ಟ್ಯಾಬಿನೊಳಗಿನ ಕೆರೆ ತೋರಿಸಿದಳು. "ಹಾಡು ಮುಗಿದ ಮ್ಯಾಲ ತುದಿಗಿ ಒಂದು ಬಕೇಟ್ ನೀರು ಸುರಿದ್ರ ಹೂವೆಲ್ಲ ಕಿತ್ತು ತೇಲಿ ಕೆರಿ ಸೇರ್ತಾವ. ಬಕೇಟ್ ಕೈಯಾಗೇ ಹಿಡ್ಕೊಂಡೀನಿ."

ಇನ್ನು ಗೌರಮ್ಮ. ಐಲವ್ವ ಹಸಿ ಅರಿಸಿನದ ಮುದ್ದೆಯನ್ನು ಭಕ್ತಿಯಿಂದ ಗಾಜಿನ ಮೇಲೆ, ಆ ಗುಡ್ಡದ ತುದಿಯಿದ್ದಲ್ಲೇ ಇಟ್ಟು, ಜಾರದಿರಲೆಂದು ಬೆರಳಿನಿಂದ ಒತ್ತಿದಳು. ಆಟಕ್ಕೆ ಅರಿಸಿನ ಯಾವುದು, ಅಪ್ಪಣೆ ಯಾವುದು ಗೊತ್ತಾಗಬೇಕಲ್ಲ! ಒತ್ತಿದ್ದೇ ಆಟದೊಳಗಿನ ಬಕೇಟ್ ಮಗುಚಿತು. ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೂವು ಕೀಳತೊಡಗಿತು.

ಹಾಡಿನ ಮೊದಲ ಸೊಲ್ಲೂ ಆಗಿರಲಿಲ್ಲ.

"ಅಯ್ಯಯ್ಯೋ, ತಾಳಿ ಕಟ್ಟೋಕಿಂತ ಮೊದಲೇ ಮಗಳನ್ನ ಕಳಿಸಿದಂಗಾತಲ್ಲೇ!" ಎಂದಳೊಬ್ಬ ಮುದುಕಿ. ಐಲವ್ವನ ನಲವತ್ತೊಂದು ವರ್ಷ ಕಣ್ಣೆದುರೇ ತೇಲಿ ಹೋಗುತ್ತಿತ್ತು.

"ತೇಲೋ ಹೂವು ಐದು ನಿಮಿಷಕ್ಕ ಮಾಯ ಆಗ್ತಾವ ಅತ್ತಿ!" ಸ್ವರೂಪ ಕೂಗಿದಳು.

ಭೂಲಕ್ಷ್ಮಿಯ ಕೈಯಲ್ಲಿದ್ದ ತಟ್ಟೆ ತಟ್ಟನೆ ನೆಲಕ್ಕಿಳಿಯಿತು. ಇಷ್ಟು ವರ್ಷ ಐಲವ್ವ ಎತ್ತಿದ ಸೊಲ್ಲಿಗೆ ಓಗೊಟ್ಟ ಗಂಟಲು ಅವಳದು. ಸ್ವಂತವಾಗಿ ಒಂದು ಹಾಡೂ ಎತ್ತಿದವಳಲ್ಲ.

"ಏನ್ ನೋಡ್ತೀರೇ ಬಾಯಿ ತಗದು? ಮಾಯ ಆಗೋದ್ರಾಗ ಮುಗಸ್ರೇ! ಐಲಕ್ಕ, ಎತ್ತು!"

ಐಲವ್ವ ಎತ್ತಿದಳು. ಓಣಿ ಓಡಿತು. ಗಂಟೆಗಟ್ಟಲೆ ಹಾಡುವ ಹಾಡನ್ನು ಹೆಂಗಸರು ಬಸ್ಸು ತಪ್ಪಿದವರ ಹಾಗೆ ಓಡೋಡುತ್ತ ಹಾಡಿದರು. ಸೆರಗು ಜಾರಿತು, ಮೊಣಕಾಲು ಲಟಲಟ ಎಂದಿತು, ಮುದುಕಿಯೊಬ್ಬಳು ನಾಲ್ಕು ಸುತ್ತು ತಪ್ಪು ದಿಕ್ಕಿಗೆ ಸುತ್ತಿದಳು. ಕೊನೆಯ ಸೊಲ್ಲಿನ "ಉಯ್ಯಾಲೋ" ಮುಗಿಯಿತು. ಕೆರೆಯಲ್ಲಿ ಉಳಿದಿದ್ದ ಒಂದೇ ಒಂದು ಹಳದಿ ಹೂವು ಪಟ್ಟನೆ ಇಲ್ಲವಾಯಿತು.

ಅಂಗಳದ ತುಂಬ ಏದುಸಿರು. ಭೂಲಕ್ಷ್ಮಿ ಬಗ್ಗಿ, ಗಾಜಿನ ಮೇಲಿನ ಅರಿಸಿನವನ್ನು ಬೆರಳಲ್ಲಿ ತೆಗೆದು, ತನ್ನ ತಾಳಿಗೆ ಹಚ್ಚಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಐಲವ್ವನ ತಾಳಿಗೂ ಹಚ್ಚಿದಳು.

"ನಲವತ್ತೆರಡು," ಎಂದಳು.

ಕೊಮುರಯ್ಯ ಹೆಂಗಸರ ನಡುವೆ ತೂರಿಕೊಂಡು ಬಂದು ಟ್ಯಾಬಿಗೆ ಬಗ್ಗಿದ. ನೀರಿಳಿಯುವ ಬೋಳು ಗುಡ್ಡದ ಮೇಲೆ, ಬೇಲಿಯೊಳಗೆ, ಹನ್ನೆರಡು ಗುಲಾಬಿ ಕುರಿಗಳು ತೊಯ್ದು ನಿಂತಿದ್ದವು.

"ಹೂವು ಹೋಗಲಿ," ಎಂದ. "ಇಷ್ಟು ನೀರಾಗ ನಿಂತರೂ ಬಣ್ಣ ಬಿಟ್ಟಿಲ್ಲಲ್ಲೇ ಇವು!"