ಅರವತ್ನಾಲ್ಕನೇ ಟ್ಯೂಬು

ಎಂ.ಎಸ್ಸಿ. ಮುಗಿಸಿ ಊರಿಗೆ ಬಂದು ಕೂತು ಎಂಟು ತಿಂಗಳಾದ ಮೇಲೆ ನನಗೆ ಮೊದಲ ಕೆಲಸದ ಆದೇಶ ಬಂತು. ಅದರಲ್ಲಿ ಒಂದು ಸಾಲಿತ್ತು: ಈ ಹುದ್ದೆ ಸಂಪೂರ್ಣ ತಾತ್ಕಾಲಿಕ, ಯೋಜನೆ ಮುಗಿದ ದಿನ ತಾನಾಗಿಯೇ ಮುಗಿಯುತ್ತದೆ. ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಔರಾದ ಸುತ್ತಮುತ್ತ ಕುರಿ ಮೇಯಿಸುವವನು. "ಗೊಬ್ಬರಕ್ಕಂತ ಮಂದಿ ಹೊಲದಾಗ ಕುರಿ ಕೂಡಸ್ತೇವಲ್ಲ, ಹಂಗೇನು? ಹೊಲ ಮುಗೀತಂದ್ರ ಎದ್ದು ಮುಂದ ನಡಿಯೋದು," ಅಂದ. ಹಾಗೇ ಅಂದೆ. ಹಾಗಾದರೆ ಮುಂದಿನ ಹೊಲ ಯಾವುದು ಎಂದು ಅವನು ಕೇಳಲಿಲ್ಲ.

ನಾನು ಓದಿದ್ದು ಬಯೋಇನ್ಫರ್ಮ್ಯಾಟಿಕ್ಸ್. ರಕ್ತದಿಂದ ತೆಗೆದ ಜೀನುಗಳ ಬರಹವನ್ನು ಕಂಪ್ಯೂಟರಿನಲ್ಲಿ ಓದಿ, ಎಲ್ಲಿ ಅಕ್ಷರ ತಪ್ಪಿದೆ ಎಂದು ಹುಡುಕುವ ವಿದ್ಯೆ ಎಂದು ಊರಲ್ಲಿ ಹೇಳುತ್ತಿದ್ದೆ. ಬೀದರಿನಲ್ಲಿ ಸಿಕ್ಕ ಕೆಲಸ ತಲಸೇಮಿಯಾ ಎಂಬ ಕಾಯಿಲೆಯ ಬಗ್ಗೆ. ಈ ಕಾಯಿಲೆಯ ಮಕ್ಕಳಿಗೆ ಮೈಯಲ್ಲಿ ಸರಿಯಾದ ರಕ್ತ ಆಗುವುದಿಲ್ಲ, ತಿಂಗಳು ತಿಂಗಳು ಬೇರೆಯವರ ರಕ್ತ ಹಾಕಿಸಬೇಕು. ತಪ್ಪಿದ ಅಕ್ಷರ ತಾಯಿ ತಂದೆ ಇಬ್ಬರಲ್ಲೂ ಇದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುವ ಭಯ. ಒಬ್ಬರಲ್ಲೇ ಇದ್ದರೆ ಆ ಭಯವಿಲ್ಲ. ಅದನ್ನು ಹೊತ್ತವರು ತಾವು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಗೊತ್ತೂ ಆಗುವುದಿಲ್ಲ. ಅಂಥ ಮಕ್ಕಳಿರುವ ಮನೆತನಗಳ ರಕ್ತ ತಂದು ಓದುವುದು ನಮ್ಮ ಯೋಜನೆ. ದುಡ್ಡು ದಿಲ್ಲಿಯಿಂದ, ಮೂರು ವರ್ಷಕ್ಕೆ. ನಾನು ಬೀದರಿನ ಮೈಲೂರಿನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆ. ವಾರಕ್ಕೆ ಮೂರು ದಿನ ಯೋಜನೆಯ ನರ್ಸ್ ಅಕ್ಕನ ಜೊತೆ ಭಾಲ್ಕಿ ಕಡೆಯ ಬಸ್ಸು ಹತ್ತುತ್ತಿದ್ದೆ. ಅಕ್ಕ ಸೂಜಿ ಚುಚ್ಚಿ ರಕ್ತ ತೆಗೆಯುವಳು, ನಾನು ಟ್ಯೂಬಿಗೆ ನಂಬರಿನ ಚೀಟಿ ಅಂಟಿಸಿ, ಯಾರು ಯಾರಿಗೆ ಏನಾಗಬೇಕು ಎಂದು ವಂಶದ ನಕ್ಷೆ ಬರೆಯುವವಳು.

ಭಾತಂಬ್ರಾದಲ್ಲಿ ಒಬ್ಬ ನಿವೃತ್ತ ಮಾಸ್ತರರ ಮನೆಗೆ ಹೋದದ್ದು ಎರಡನೇ ವರ್ಷದಲ್ಲಿ. ಪಡಸಾಲೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಪುಸ್ತಕದ ಕಪಾಟು. ಅವರ ಹಿರಿಮಗಳನ್ನು ಸಾಯಗಾಂವಕ್ಕೆ ಕೊಟ್ಟಿದ್ದರು, ಆಕೆಯ ಐದು ವರ್ಷದ ಮಗನಿಗೆ ಈ ಕಾಯಿಲೆ. ಅವತ್ತು ಹಿರಿಮಗಳು, ಅಳಿಯ, ಅಳಿಯನ ತಮ್ಮ ಎಲ್ಲರನ್ನೂ ಮಾಸ್ತರರೇ ಕರೆಸಿದ್ದರು. ಭಾಲ್ಕಿಯಲ್ಲಿ ಬಿ.ಎಸ್ಸಿ. ಓದಿದ ಕಿರಿಮಗಳು ಮನೆಯಲ್ಲೇ ಇದ್ದಳು. ಒಪ್ಪಿಗೆ ಪತ್ರವನ್ನು ಯಾರೂ ಓದದೆ ಸಹಿ ಹಾಕುವುದೇ ನಾನು ಕಂಡ ರೂಢಿ. ಮಾಸ್ತರರು ಚಾಳೀಸು ಏರಿಸಿ ಮೊದಲಿನಿಂದ ಕೊನೆಯತನಕ ಓದಿದರು.

"ರಕ್ತ ಒಯ್ತೀರಿ, ಬರೋಬರಿ. ರಿಪೋರ್ಟ್ ಯಾರು ತಂದು ಕೊಡ್ತಾರ, ಅದ್ರಾಗ ಬರದಿಲ್ಲಲ್ಲರಿ?" ಎಂದು ಕೇಳಿದರು.

"ನಾವೇ ತಂದು ಕೊಡ್ತೇವ್ರಿ ಮಾಸ್ತರ್," ಅಂದೆ. ಹಾಗೆ ಹೇಳಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಎದುರಿಗೆ ಚಹಾ ಬಂದಿತ್ತು, ಅಕ್ಕನಿಗೆ ಬಸ್ಸಿನ ಗಡಿಬಿಡಿ, ನಾನು ಒಂದು ಕೈಯಲ್ಲಿ ಕಪ್ಪು ಬಸಿ ಹಿಡಿದು ಇನ್ನೊಂದು ಕೈಯಿಂದ ಚೀಟಿ ಅಂಟಿಸಿದೆ. ಕಿರಿಮಗಳದು ಅರವತ್ತೆರಡು, ಅಳಿಯನದು ಅರವತ್ಮೂರು, ಅವನ ತಮ್ಮನದು ಅರವತ್ನಾಲ್ಕು.

ಮೂರನೇ ವರ್ಷದ ದುಡ್ಡು ಬರಲಿಲ್ಲ. ಬರುತ್ತದೆ ಎಂದು ಒಂದು ಪತ್ರ, ಪರಿಶೀಲನೆಯಲ್ಲಿದೆ ಎಂದು ಇನ್ನೊಂದು, ಆಮೇಲೆ ಯಾವ ಪತ್ರವೂ ಇಲ್ಲ. ನನ್ನ ಸಂಬಳ ನಿಂತಿತು. ಆದರೆ ಕೆಲಸದಿಂದ ತೆಗೆದಿದ್ದೇವೆ ಎಂದು ಯಾರೂ ಹೇಳಲಿಲ್ಲ. ಯೋಜನೆಯ ಮುಖ್ಯಸ್ಥರಾದ ಸರ್ ಒಳ್ಳೆಯವರೇ. ಹೊಸ ಅರ್ಜಿ ಹಾಕಿದ್ದೇನೆ, ಅಷ್ಟರಲ್ಲಿ ರಕ್ತದ ಟ್ಯೂಬುಗಳಿಂದ ಬಂದ ಡೇಟಾ ಓದಿಡು, ಪ್ರಬಂಧದಲ್ಲಿ ನಿನ್ನ ಹೆಸರು ಬರುತ್ತದೆ ಅಂದರು. ಖೋಲಿ ಬಿಟ್ಟು ಲ್ಯಾಪ್‌ಟಾಪು ಹೊತ್ತು ಊರಿಗೆ ಬಂದೆ. ನೌಕರಿ ಇದೆಯೋ ಇಲ್ಲವೋ ಎಂದು ಅತ್ತೆ ಕೇಳಿದರೆ ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಲ್ಯಾಪ್‌ಟಾಪು ನೋಡುತ್ತಿದ್ದೆ.

ಅಂಥದರಲ್ಲಿ ಒಂದು ದಿನ ನರ್ಸ್ ಅಕ್ಕ ಫೋನು ಮಾಡಿ, ಮಾಸ್ತರರ ಕಿರಿಮಗಳನ್ನೂ ಸಾಯಗಾಂವಕ್ಕೇ ಕೊಡುತ್ತಿದ್ದಾರಂತೆ, ಅಳಿಯನ ತಮ್ಮನಿಗೆ ಅಂದಳು. ಸುದ್ದಿ ಕೇಳಿ ಸುಮ್ಮನಿರಬಹುದಿತ್ತು. ಅವರ ಡೇಟಾ ನನ್ನ ಬಳಿ ಬಂದು ಎರಡು ವಾರವಾಗಿತ್ತು. ಕಿರಿಮಗಳ ಅರವತ್ತೆರಡನೇ ಫೈಲು ತೆರೆದು ನೋಡಿದೆ: ತಪ್ಪಿದ ಅಕ್ಷರ ಇತ್ತು. ಹುಡುಗನ ಅರವತ್ನಾಲ್ಕನ್ನು ತೆರೆದೆ: ಅದರಲ್ಲೂ ಇತ್ತು. ಲ್ಯಾಪ್‌ಟಾಪು ಮುಚ್ಚಿಬಿಟ್ಟೆ. ಇನ್ನು ಯಾವುದನ್ನೂ ತೆರೆಯಲಿಲ್ಲ.

ಮರುದಿನ ಬೀದರಿಗೆ ಹೋಗಿ ಸರ್ ಎದುರು ಕೂತೆ. ಅವರು ಹಣೆ ಒತ್ತಿಕೊಂಡರು. ನಾವು ಓದಿದ್ದು ಸಂಶೋಧನೆಗೆ, ಅದು ಆಸ್ಪತ್ರೆಯ ರಿಪೋರ್ಟ್ ಅಲ್ಲ. ಹೇಳುವುದಿದ್ದರೆ ಡಾಕ್ಟರ ಮೂಲಕ ಹೇಳಬೇಕು, ಆದರೆ ಯೋಜನೆಯ ಡಾಕ್ಟರ ಅವಧಿಯೂ ಮುಗಿದಿದೆ. ಹೇಳದಿದ್ದರೆ ನಾಳೆ ಇನ್ನೊಂದು ಮಗು. ಇಷ್ಟನ್ನೂ ಅವರೇ ಹೇಳಿದರು, ಆಮೇಲೆ, "ನೀನು ಈಗ ನಮ್ಮ ಸ್ಟಾಫ್ ಹೌದೋ ಅಲ್ಲೋ, ಅದೇ ನನಗ ತಿಳೀವಲ್ದು. ಏನಂತ ಹೇಳಿ ಕಳಸ್ಲಿ?" ಅಂದರು. ಉತ್ತರ ಕೇಳಲು ಹೋದವಳು ಇನ್ನೊಂದು ಪ್ರಶ್ನೆ ಹೊತ್ತು ಬಂದೆ.

ಕೊನೆಗೆ ಅಕ್ಕ ಮತ್ತು ನಾನು ಭಾತಂಬ್ರಾಕ್ಕೆ ಹೋದೆವು. ಫಲಿತಾಂಶ ಹೇಳುವುದಿಲ್ಲ, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳುವುದು ಎಂದು ಬಸ್ಸಿನಲ್ಲಿ ಮಾತಾಡಿಕೊಂಡೆವು. ಹಾಗೆಯೇ ಹೇಳಿದೆ. ಮದುವೆಯ ತಾರೀಖು ಹಿಡಿಯುವ ಮುಂಚೆ ಹುಡುಗ ಹುಡುಗಿ ಇಬ್ಬರೂ ಬೀದರಿನ ದವಾಖಾನೆಯಲ್ಲಿ ರಕ್ತ ತೋರಿಸಿದರೆ ಚಲೋ ಎಂದೆ. ಆದರೆ ನನ್ನ ದನಿಯೇ ಎಲ್ಲವನ್ನೂ ಹೇಳಿರಬೇಕು.

ಮಾಸ್ತರರು ಚಾಳೀಸು ತೆಗೆದು ಕಪಾಟಿನ ಮೇಲಿಟ್ಟರು. ಆಮೇಲೆ, "ಇದು ನಿಮ್ಮ ಆಫೀಸಿನ ಮಾತೋ, ನಿಮ್ಮ ಮಾತೋ, ಮೇಡಂ?" ಎಂದು ಕೇಳಿದರು.

"ಗೊತ್ತಿಲ್ರಿ ಮಾಸ್ತರ್," ಅಂದೆ.

ಒಳಗಿನಿಂದ ಕಿರಿಮಗಳು ಬಂದು ಚೌಕಟ್ಟಿಗೆ ಆನಿಕೊಂಡು ನಿಂತಳು. "ರಕ್ತ ನಂದು. ನಂದಾದ್ರೂ ನನಗ ಹೇಳ್ರಿ," ಅಂದಳು. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ತಲೆ ತಗ್ಗಿಸಿದಳು. ಆಕೆಗೂ ಪರೀಕ್ಷೆ ಮಾಡಿಸು ಎಂದಷ್ಟೇ ಹೇಳಿ ಎದ್ದು ಬಂದೆ. ಆಕೆ ಬಾಗಿಲತನಕ ಬಂದು, ನಾವು ಹೊರಬೀಳುತ್ತಲೇ ಒಳಗೆ ಹೋದಳು.

ಸಾಯಗಾಂವದಲ್ಲಿ ಮಾತು ಬೇರೆಯೇ ಆಗಿ ಹಬ್ಬಿತು. ಹುಡುಗನ ರಕ್ತದಲ್ಲಿ ಐಬು ಇದೆ ಎಂದು ಸರ್ವೆಗೆ ಬಂದ ಹೆಣ್ಣುಮಗಳು ಹೇಳಿ ಹೋದಳು ಎಂದು. ಹುಡುಗನ ತಾಯಿ ಸಿಟ್ಟಾಗಿ ಮದುವೆಯ ಮಾತುಕತೆ ನಿಲ್ಲಿಸಿದರು. ಒಂದೂವರೆ ತಿಂಗಳು ಯಾರೂ ಯಾರ ಮನೆಗೂ ಹೋಗಲಿಲ್ಲ. ಕಡೆಗೆ ಹುಡುಗನೇ ಯಾರಿಗೂ ಹೇಳದೆ ಬೀದರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಕಿರಿಮಗಳೂ ಮಾಡಿಸಿಕೊಂಡಿದ್ದಳು. ಮಾಸ್ತರರು ಫೋನಿನಲ್ಲಿ ಎರಡೂ ರಿಪೋರ್ಟನ್ನು ಓದಿ ಹೇಳಿದರು. ಮಗಳಲ್ಲಿ ಇದೆ. ಹುಡುಗನಲ್ಲಿ ಇಲ್ಲ. ಮಕ್ಕಳಿಗೆ ಕಾಯಿಲೆ ಬರುವ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ನಾನು ಅಂಗಳದಲ್ಲೇ ಕೂತೆ. ಲ್ಯಾಪ್‌ಟಾಪು ತಂದು ಮತ್ತೆ ಅರವತ್ನಾಲ್ಕನ್ನು ತೆರೆದೆ. ಇತ್ತು. ಈ ಸಲ ಅರವತ್ಮೂರನ್ನೂ ತೆರೆದೆ, ಮದುವೆಯಾದ ಹಿರಿಯ ಅಳಿಯನದು. ಅದರಲ್ಲಿ ಇರಲಿಲ್ಲ. ಅವನ ಮಗನಿಗೆ ಕಾಯಿಲೆ ಇದೆ, ಅಂದಮೇಲೆ ಅವನಲ್ಲಿ ಇರಲೇಬೇಕು. ಇಲ್ಲದಿರಲು ಸಾಧ್ಯವೇ ಇಲ್ಲ. ಚಹಾದ ಕಪ್ಪು ಹಿಡಿದುಕೊಂಡು ನಾನು ಅಣ್ಣನ ಚೀಟಿಯನ್ನು ತಮ್ಮನ ಟ್ಯೂಬಿಗೆ, ತಮ್ಮನದನ್ನು ಅಣ್ಣನದಕ್ಕೆ ಅಂಟಿಸಿದ್ದೆ. ಅವತ್ತೇ ಇನ್ನೊಂದು ಫೈಲು ತೆರೆದು, ನಾನೇ ಬರೆದ ನಕ್ಷೆಯ ಪಕ್ಕಕ್ಕಿಟ್ಟು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಮಾಸ್ತರರಿಗೆ ಫೋನಿನಲ್ಲೇ ಹೇಳಿದೆ, ತಪ್ಪು ನನ್ನದು ಎಂದು. ಅವರು ಬೈಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. "ನೀವು ಬಂದು ಹೇಳಲಿಲ್ಲಂದ್ರ ನಾವು ಪರೀಕ್ಷಾ ಮಾಡಸ್ತಿದ್ದಿಲ್ಲ. ಹೇಳಿದ್ದಕ್ಕ ಎರಡು ಮನಿ ಕೆಟ್ಟಿದ್ವು. ಎರಡೂ ಖರೇ ಅದಾವ," ಅಂದರು. ಸರ್‌ಗೂ ಹೇಳಿದೆ. ಅವರು ಎಲ್ಲ ಟ್ಯೂಬುಗಳನ್ನೂ ನಕ್ಷೆಯ ಜೊತೆ ತಾಳೆ ನೋಡು ಅಂದರು. ಯಾವ ಹುದ್ದೆಯ ಮೇಲೆ ಎಂದು ನಾನು ಕೇಳಲಿಲ್ಲ. ಒಂದು ತಿಂಗಳು ಕೂತು ನೋಡಿದೆ. ಬೇರೆ ಎಲ್ಲೂ ಅದಲುಬದಲಾಗಿರಲಿಲ್ಲ.

ಆ ವರ್ಷ ಒಂಬತ್ತು ಕಡೆ ಅರ್ಜಿ ಹಾಕಿದ್ದೆ. ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು, ವಿಡಿಯೋದಲ್ಲಿ. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ಔರಾದಿನ ಗೆಳತಿಯೊಬ್ಬಳ ಮಾಳಿಗೆಯ ಮೇಲೆ ಕೂತೆ. ಕಳೆದ ಏಳು ತಿಂಗಳು ಏನು ಮಾಡುತ್ತಿದ್ದೆ ಎಂದು ಕೇಳಿದರು. ಬರೆದುಕೊಂಡಿದ್ದ ಉತ್ತರ ಬಿಟ್ಟು ಅಣ್ಣತಮ್ಮಂದಿರ ಟ್ಯೂಬಿನ ಕಥೆ ಹೇಳಿದೆ. ಸಂದರ್ಶನ ಮಾಡುತ್ತಿದ್ದ ಮೂವರೂ ಏನೋ ಬರೆದುಕೊಂಡರು. ಹತ್ತು ದಿನದ ಮೇಲೆ ಕೆಲಸ ಸಿಕ್ಕಿತು, ಹೈದರಾಬಾದಿನಲ್ಲಿ, ಒಂದು ವರ್ಷಕ್ಕೆ, ಮತ್ತೆ ತಾತ್ಕಾಲಿಕವೇ. ಆ ಕಥೆಗಾಗಿ ಕೊಟ್ಟರೋ, ಅದನ್ನು ಕೇಳಿಯೂ ಕೊಟ್ಟರೋ ಗೊತ್ತಿಲ್ಲ.

ಮಾಸ್ತರರ ಕಿರಿಮಗಳ ಮದುವೆ ಆ ಹುಡುಗನ ಜೊತೆಗೇ ಬೇಸಿಗೆಯಲ್ಲಿ ಆಯಿತು. ನನಗೆ ಕರೆ ಇರಲಿಲ್ಲ, ಅಕ್ಕನಿಗಿತ್ತು. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಸಾಯಗಾಂವದಿಂದ ಕಿರಿಮಗಳ ಫೋನು ಬಂತು. ಬೈಯಲು ಮಾಡಿರಬೇಕು ಎಂದು ಆಫೀಸಿನಿಂದ ಎದ್ದು ಹೊರಗೆ ಹೋದೆ. ಆಕೆ ಕೇಳಿದ್ದು ಬೇರೆ. ತಾನೂ ಬಿ.ಎಸ್ಸಿ. ಮಾಡಿದ್ದೇನೆ, ಮುಂದೆ ನಿಮ್ಮ ಹಾಗೆ ಓದಬೇಕೆಂದಿದ್ದೇನೆ, ಮನೆಯವರು ಒಪ್ಪಿದ್ದಾರೆ, ಓದಿದರೆ ನೌಕರಿ ಸಿಗುತ್ತದೆಯೇ ಎಂದು.

ಸಿಗುತ್ತದೆ ಅಂದೆ. ಆಮೇಲೆ ತಡೆದು, ಆರು ತಿಂಗಳದು, ವರ್ಷದ್ದು, ದುಡ್ಡು ಬಂದರೆ ಮೂರು ವರ್ಷದ್ದು ಎಂದು ವಿವರಿಸಿದೆ.

"ವರ್ಷ ಆದ ಮ್ಯಾಲ ಏನ್ ಮಾಡ್ತೀರಿ, ಅಕ್ಕಾ?" ಎಂದು ಕೇಳಿದಳು.

ನನಗೂ ಗೊತ್ತಿಲ್ಲ ಅಂದೆ. ಆದರೂ ಪ್ರವೇಶ ಪರೀಕ್ಷೆಯ ಪ್ರಕಟಣೆ ಕಳಿಸಿ ಅಂದಳು. ಹುಡುಕಿ ಕಳಿಸಿದೆ.