ಒಂದು ಬೆರಳಿನಷ್ಟು ಎತ್ತರ

ನನ್ನ ಗಂಡನ ಕಾರಿನ ಕೆಳಗೆ ಬೆಕ್ಕು ಕೂಡ ನುಸುಳುವುದಿಲ್ಲ. ಬೀದಿಯ ಬೆಕ್ಕುಗಳೆಲ್ಲ ಬೇರೆಯವರ ಕಾರಿನಡಿ ಸುಖವಾಗಿ ಮಲಗುತ್ತವೆ, ನಮ್ಮದನ್ನು ಕಂಡರೆ ಮೂತಿ ತಿರುಗಿಸಿಕೊಂಡು ಹೋಗುತ್ತವೆ. ಅಷ್ಟು ತಗ್ಗಿಸಿದ್ದಾರೆ. ಮೊದಲು ಅದು ನನ್ನ ಅಪ್ಪನ ಕಾರು. ಕಣ್ಣು ಮಂಜಾದ ಮೇಲೆ ಅವರಾಗಿಯೇ ಅಳಿಯನ ಕೈಗೆ ಕೀ ಕೊಟ್ಟರು. ಒಳ್ಳೆಯ ಮರ್ಯಾದಸ್ಥ ಕಾರಾಗಿತ್ತು. ಇವರು ಸ್ಪ್ರಿಂಗ್ ಬದಲಾಯಿಸಿ ಅದನ್ನು ನೆಲ ಹಿಡಿಸಿದರು. ಅಪ್ಪ ಒಮ್ಮೆ ಬಂದವರು ಕೈಯಾಡಿಸಿ ನೋಡಿ, "ನಾಲ್ಕೂ ಪಂಕ್ಚರ್ ಆಗಿದೆಯೇನಪ್ಪಾ?" ಎಂದು ಕೇಳಿದರು.

ಇವರದು ಲಿಫ್ಟಿನ ಕೆಲಸ. ಎತ್ತರದ ಕಚೇರಿ ಕಟ್ಟಡವೊಂದರಲ್ಲಿ ಸ್ಟೂಲಿನ ಮೇಲೆ ಕೂತು ದಿನವಿಡೀ ಗುಂಡಿ ಒತ್ತುವುದು. ಹತ್ತಿದವರು ತಮ್ಮ ಮಹಡಿ ಹೇಳುತ್ತಾರೆ, ಇಳಿದು ಹೋಗುತ್ತಾರೆ. ಅಲ್ಲಿ ಕಿಟಕಿ ಇಲ್ಲ. ಹೊರಗೆ ಮಳೆ ಬಂತೋ ಇಲ್ಲವೋ ಎಂಬುದನ್ನು ಬಂದವರ ಕೊಡೆ ನೋಡಿ ತಿಳಿಯಬೇಕು. ಈ ಕೆಲಸ ಕೊಡಿಸಿದ್ದು ಇವರ ಅಣ್ಣ, ನನ್ನ ಭಾವ. ನಾವಿರುವ ಮನೆ ಭಾವನದು. ಮಗಳನ್ನು ಶಾಲೆಗೆ ಸೇರಿಸಿದ್ದು ಭಾವ. ನನ್ನನ್ನು ನೋಡಿ ಒಪ್ಪಿದ್ದೂ ಅವರೇ. ಆ ಒಂದು ವಿಷಯದಲ್ಲಿ ಅವರ ಕಣ್ಣು ಚೆನ್ನಾಗಿತ್ತು ಅನ್ನಬೇಕು. ಕೆಟ್ಟವರಲ್ಲ. ಕೇಳಿದ್ದಕ್ಕೆ ಇಲ್ಲ ಅಂದವರಲ್ಲ, ಆದರೆ ಕೊಟ್ಟದ್ದನ್ನು ಮರೆತವರೂ ಅಲ್ಲ. ನೆಂಟರ ಜೊತೆ ಊಟಕ್ಕೆ ಕೂತರೆ ಸಾಕು, "ಇವನಿಗೆ ನಾನೇ..." ಎಂದು ಶುರು ಮಾಡುತ್ತಾರೆ. ಇವರು ತಲೆ ಬಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಬೀದಿಯ ಒಂದು ತುದಿಗೆ ಗೋಡೆ, ಹೊರಗೆ ಹೋಗುವ ಇನ್ನೊಂದು ತುದಿಗೆ ಭಾವನ ಮನೆ. ಯಾವನೋ ಬೈಕಿನವನು ಓರಗಿತ್ತಿಯ ಕಾಲಿಗೆ ತಾಗಿಸಿಕೊಂಡು ಹೋದ ಮೇಲೆ, ತಮ್ಮ ಗೇಟಿನ ಮುಂದೆ ಒಂದು ಹಂಪ್ ಹಾಕಿಸೋಣವೆಂದು ಭಾವ ಬೀದಿಯವರನ್ನೆಲ್ಲ ಸೇರಿಸಿದರು. "ಯಾರದಾದ್ರೂ ತಕರಾರಿದೆಯಾ?" ಎಂದು ಸುತ್ತ ನೋಡಿದರು. ಅಷ್ಟು ಹೊತ್ತಿಗೆ ನಮ್ಮ ಕಾರು ತಗ್ಗಿ ಆಗಿತ್ತು. ನನ್ನ ಗಂಡ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಹೋಗಲಿ ಎಂದರೆ, ಹಂಪಿಗೆ ಅಳತೆ ಹಿಡಿಯುವಾಗ ಟೇಪಿನ ಇನ್ನೊಂದು ತುದಿ ಹಿಡಿದವರೂ ಇವರೇ! ಕಾಂಕ್ರೀಟು ಒಣಗಿದ ದಿನದಿಂದ ಕಾರು ಬೀದಿಯೊಳಗೇ ಉಳಿಯಿತು. ದಾಟಲು ಹೋದರೆ ಅದರ ಹೊಟ್ಟೆ ಹಂಪಿನ ಮೇಲೆ ಕೂರುತ್ತದೆ.

ಇಷ್ಟರಲ್ಲಿ ಒಂದು ಆಹ್ವಾನ ಬಂತು. ಹೀಗೆ ಕಾರು ತಗ್ಗಿಸಿಕೊಂಡ ಹುಚ್ಚರದೇ ಒಂದು ಬಳಗ ಫೋನಿನಲ್ಲಿದೆ. ಅವರೆಲ್ಲ ಒಂದು ಭಾನುವಾರ ಕೆರೆಯ ಪಕ್ಕದ ಬಯಲಿನಲ್ಲಿ ಸೇರುವವರಿದ್ದರು. ಹಳದಿ ಕಾರಿನವನೊಬ್ಬ ಇವರಿಗೆ, "ಅಣ್ಣಾ, ನಿಮ್ಮ ಗಾಡಿ ನೋಡ್ಲೇಬೇಕು, ತಪ್ಪಿಸ್ಬೇಡಿ" ಎಂದು ಬರೆದ. ಇವರು ಅದನ್ನು ನನಗೆ ಓದಿ ಹೇಳಿದರು, ಮತ್ತೆ ಓದಿದರು, ಮಗಳಿಗೂ ಓದಿ ಹೇಳಿದರು. ಇವರದೇನನ್ನಾದರೂ ನೋಡಬೇಕೆಂದು ಈ ತನಕ ಯಾರೂ ಕೇಳಿರಲಿಲ್ಲ. ಅಲ್ಲಿಯವರೆಗೆ ಆಡಿಕೊಂಡು ನಗುತ್ತಿದ್ದ ನನಗೆ ಆವತ್ತು, ದೇವರೇ, ಇದೊಂದು ಸಲ ಹೋಗಿ ಬರಲಿ ಅನ್ನಿಸಿತು.

ಹಳೆಯ ಸ್ಪ್ರಿಂಗ್ ಹಾಕಿಸಿಬಿಡಿ ಅಂದೆ. ಮಗಳನ್ನು ಮಾರೋಣ ಅಂದವಳನ್ನು ನೋಡುವಂತೆ ನೋಡಿದರು. ಟೈರಿನಲ್ಲೇ ದಾರಿ ಹುಡುಕುತ್ತೇನೆ ಎಂದರು.

ಟೈರಿನ ಮೇಲೆ ಮೂರು ಸಂಖ್ಯೆಗಳಿರುತ್ತವೆ: ಅಗಲ, ಗೋಡೆಯ ಎತ್ತರ, ಒಳಗಿನ ಚಕ್ರದ ಅಳತೆ. ಬೇಡವೆಂದರೂ ನನಗೆ ಬಾಯಿಪಾಠವಾಗಿದೆ. ನಮ್ಮದು ನೂರ ತೊಂಬತ್ತೈದು-ಐವತ್ತು-ಹದಿನೈದು. ಐವತ್ತರ ಟೈರಿನ ಗೋಡೆ ಗಿಡ್ಡ. ನೋಡಲು ಚೆಂದ, ಹಂಪಿಗೆ ಮಾತ್ರ ಆಗದು. ಅದರ ಬದಲು ಅರವತ್ತರದು ಹಾಕಿದರೆ ಕಾರು ಒಂದು ಬೆರಳಿನಷ್ಟು ಮೇಲೇಳುತ್ತದೆ, ಹೊಟ್ಟೆ ಪಾರು. ಆದರೆ ಹಂಪ್ ಇಳಿದ ಕೂಡಲೇ ಎದುರಿಗೆ ದೀಪದ ಕಂಬ. ಸ್ಟೇರಿಂಗ್ ಪೂರ್ತಿ ತಿರುಗಿಸದೆ ದೊಡ್ಡ ರಸ್ತೆಗೆ ಹೋಗುವಂತಿಲ್ಲ, ತಿರುಗಿಸಿದರೆ ಅರವತ್ತರ ಟೈರು ಮಡ್‌ಗಾರ್ಡಿಗೆ ಕಚ್ಚಿಕೊಳ್ಳುತ್ತದೆ. ದಾಟುವ ಟೈರು ತಿರುಗದು, ತಿರುಗುವ ಟೈರು ದಾಟದು.

ಲೋಕದವರೆಲ್ಲ ಕಾರನ್ನು ಟೈರಂಗಡಿಗೆ ಒಯ್ಯುತ್ತಾರೆ. ಇವರು ಚಕ್ರ ಬಿಚ್ಚಿ ಸ್ಕೂಟರಿನಲ್ಲಿ ಒಯ್ದರು. ಹಿಂದೆ ಚಕ್ರ ತಬ್ಬಿಕೊಂಡು ಕೂತವಳು ನಾನು.

"ಕಾರೆಲ್ಲಿ ಸಾರ್? ತಂದಿದ್ರೆ ಸರಿಯಾಗಿ ಅಳತೆ ನೋಡಬಹುದಿತ್ತು," ಅಂದ ಅಂಗಡಿಯವನು.

"ತರೋ ಹಾಗಿದ್ರೆ ಬರ್ತಾನೇ ಇರ್ಲಿಲ್ಲಪ್ಪ," ಅಂದೆ ನಾನು.

ಮಧ್ಯದ್ದಿರಲಿ ಎಂದು ಅವನು ಐವತ್ತೈದು ಕೊಟ್ಟ. ಅದು ಹಂಪಿಗೂ ಉಜ್ಜಿತು, ಮಡ್‌ಗಾರ್ಡಿಗೂ ಉಜ್ಜಿತು. ಮತ್ತೆ ಅರವತ್ತರದನ್ನೇ, ಸ್ವಲ್ಪ ಒಳಗೆ ಕೂರುವ ಬೇರೆ ಚಕ್ರಕ್ಕೆ ಹಾಕಿಸಿ ತಂದರು. ಅದು ಒಳಗಿನ ಶಾಕ್ ಅಬ್ಸಾರ್ಬರಿಗೆ ತಾಗಿತು. ಹೊರಗೆ ಕೂರುವ ಚಕ್ರ ಮಡ್‌ಗಾರ್ಡಿನ ಅಂಚನ್ನೇ ಮಡಚಿತು. ಕೊನೆಗೆ ಅಂಗಡಿಯವನೇ ಸೋತು, "ಸಾರ್, ತಪ್ಪು ತಿಳ್ಕೋಬೇಡಿ, ಆ ಹಂಪನ್ನೇ ಒಂದು ಬೆರಳು ಕೆರೆಸಿಬಿಡಿ. ಐವತ್ತರಲ್ಲೇ ಹೂವಿನ ಹಾಗೆ ದಾಟುತ್ತೆ," ಅಂದ. ಇವರು ಕೇಳಿಸದವರ ಹಾಗೆ ಗೋಡೆಗೆ ನೇತುಹಾಕಿದ್ದ ಚಕ್ರಗಳನ್ನು ನೋಡುತ್ತ ನಿಂತರು.

ಇನ್ನು ಇವರನ್ನು ನಂಬಿ ಕೂತರೆ ಆಗದೆಂದು ನಾನೇ ಭಾವನ ಹತ್ತಿರ ಹೋದೆ. ಅವರು ಗೇಟಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದರು. ವಿಷಯ ಕೇಳಿ ನಕ್ಕುಬಿಟ್ಟರು.

"ಅಷ್ಟೇನಾ? ಒಂದು ಗಂಟೆ ಕೆಲಸ, ಕೆರೆಸಿಕೊಡ್ತೀನಿ. ಆದ್ರೆ ಅವನೇ ಬಂದು ಕೇಳ್ಲಿ. ನನ್ನ ತಮ್ಮ ತಾನೆ, ಬಾಯಿಲ್ವಾ ಅವನಿಗೆ?"

ನೆಲದ ಮೇಲೆ ಕಾಲೂರದೆ ಓಡಿಬಂದು ಹೇಳಿದೆ. ಇವರು ಚಕ್ರದ ನಟ್ಟು ಒರೆಸುತ್ತಿದ್ದವರು, "ಹೂಂ, ನೋಡೋಣ" ಅಂದರು. ಮರುದಿನವೂ ಅದೇ ನೋಡೋಣ. ಒಂದು ಮಾತು, ಬರೀ ಒಂದು ಮಾತು ಕೇಳಲು ಈ ಮನುಷ್ಯನಿಗೆ ಏನು ದಾಡಿ ಎಂದು ನಾನು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟೆ.

ಭಾನುವಾರ ಬೆಳಿಗ್ಗೆ ಕಾರು ತೊಳೆದು, ಐವತ್ತರ ಟೈರುಗಳನ್ನೇ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, "ಬಾ" ಎಂದರು. ಕೇಳುತ್ತಾರೆ, ಇವತ್ತು ಕೇಳಿಯೇ ಕೇಳುತ್ತಾರೆ ಎಂದುಕೊಂಡು ಕೂತೆ. ಕಾರು ಮೆಲ್ಲಗೆ ಬೀದಿಯ ತುದಿಗೆ ಹೋಗಿ, ಮುಂದಿನ ಚಕ್ರ ಹಂಪಿಗೆ ಮುಟ್ಟಿದ ಕೂಡಲೇ ನಿಂತಿತು. ಭಾವ ಗೇಟಿನ ಬಳಿ ಪೇಪರ್ ಹಿಡಿದು ನಿಂತಿದ್ದರು.

"ಏನೋ, ಏನಾದ್ರೂ ಹೇಳೋದಿತ್ತಾ?" ಅಂದರು, ನಗುತ್ತಲೇ.

"ಕೇಳ್ರೀ," ಎಂದು ಇವರ ತೊಡೆ ಚಿವುಟಿದೆ.

"ಏನಿಲ್ಲಣ್ಣಾ. ಇಂಜಿನ್ ಸದ್ದು ನೋಡ್ತಿದ್ದೆ," ಅಂದರು ಇವರು.

ರಿವರ್ಸ್ ಗೇರು ಬಿತ್ತು. ಮನೆಯನ್ನೂ ದಾಟಿ, ಬೀದಿ ಮುಗಿಯುವ ಗೋಡೆಯವರೆಗೆ ಹಿಂದೆ ಹಿಂದೆ ಬಂದೆವು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಒತ್ತರಿಸಿ ಬಂತು.

"ನಾಲಿಗೆ ಬಿದ್ದುಹೋಗಿತ್ತೇನ್ರೀ? ಕೇಳಿದ್ರೆ ಕೊಡ್ತಿರ್ಲಿಲ್ವಾ ಅವರು?"

"ಕೊಡ್ತಿದ್ದ ಕಣೆ. ಅದಕ್ಕೇ ಕೇಳ್ಲಿಲ್ಲ," ಅಂದರು. ಕೈ ಇನ್ನೂ ಸ್ಟೇರಿಂಗ್ ಮೇಲೇ ಇತ್ತು. "ಕೆಲಸ ಅವನು ಕೊಡಿಸಿದ್ದು. ಮನೆ ಅವನದು. ಅವನ ಹತ್ರ ಕೇಳದೇ ಇರೋದು ಅಂತ ನನ್ನ ಹತ್ರ ಇರೋದು ಇದೊಂದೇ. ಇದನ್ನೂ ಕೇಳಿಬಿಟ್ರೆ, ಆಮೇಲೆ ನಾನು ಎಲ್ಲಿಗೆ ಹೋದ್ರೂ ಅವನು ಕಳಿಸಿದ ಹಾಗೇ ಆಗುತ್ತೆ."

ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ. ಅವತ್ತಿನವರೆಗೆ ನಾನು ಅದನ್ನು ಹೇಡಿತನ ಅಂದುಕೊಂಡಿದ್ದೆ.

ನನ್ನ ಮಡಿಲಲ್ಲಿದ್ದ ಇವರ ಫೋನು ಸದ್ದು ಮಾಡಿತು. ಹಳದಿ ಕಾರಿನವನು, "ಅಣ್ಣಾ, ಎಲ್ಲಿದ್ದೀರಿ? ಎಲ್ರೂ ಕಾಯ್ತಿದ್ದೀವಿ" ಎಂದು ಬರೆದಿದ್ದ.

ಓದಿ ಹೇಳಿದೆ. ಇವರು ಮುಂದಿನ ಗಾಜಿನಾಚೆ ಬೀದಿಯನ್ನೇ ನೋಡುತ್ತ, "ಹೊರಟಿದ್ದೀನಿ, ದಾರೀಲಿದ್ದೀನಿ ಅಂತ ಬರಿ," ಅಂದರು.

ಹಾಗೇ ಬರೆದೆ.